ಹುಬ್ಬಳ್ಳಿಯಲ್ಲಿ ತಗೊಂಡ, ಮೀನು ಹಿಡಿಯುವ 9 ಅಡಿ ರಾಡ್-ರೀಲ್ ಸೆಟ್: ಗೋಕರ್ಣದ ಬಂಡೆಗಳ ಮೇಲೆ ಹೇಗಿದೆ?

ರಾಡ್ ಚೆನ್ನಾಗಿದೆ, ರೀಲ್ ಪರವಾಗಿಲ್ಲ, ಅದರ ಜೊತೆ ಸುತ್ತಿ ಕೊಡುವ ತಂಗೂಸಿ (ನೈಲಾನ್ ದಾರ) ಮಾತ್ರ ಸಮುದ್ರಕ್ಕೆ ಏನೇನೂ ಸಾಲದು.

ನಮ್ಮ ಧಾರವಾಡ ಕಡೆ ಕೆರೆಗಳಲ್ಲಿ ರೋಹು, ಕಟ್ಲಾ ಹಿಡಿಯೋಕೆ 7 ಅಡಿ ರಾಡ್ ಸಾಕು. ಓಂ ಬೀಚ್‌ನಲ್ಲಿ ಎರಡು ಕೊಲ್ಲಿಗಳ ನಡುವೆ ಚಾಚಿರುವ ಬಂಡೆಗಳ ಮೇಲೆ ನಿಂತರೆ ಕಥೆಯೇ ಬೇರೆ. ಕಾಲ ಬುಡದಲ್ಲೇ ಇನ್ನಷ್ಟು ಕಲ್ಲು ಇರುತ್ತೆ, ದಾರ ಅದಕ್ಕೆ ತಾಗದಂತೆ ಎತ್ತಿ ಹಿಡಿಯಬೇಕು, ಅದಕ್ಕೆ ಈ 9 ಅಡಿ ಉದ್ದ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಎರಡು ತುಂಡಾಗಿ ಬಿಚ್ಚಬಹುದು, ಹಾಗಾಗಿ ಅರಬೈಲ್ ಘಾಟ್ ಇಳಿಯುವ ಬಸ್ಸಿನಲ್ಲೂ ಒಯ್ಯಲು ತೊಂದರೆ ಇಲ್ಲ.

ಈಗ ತಂಗೂಸಿ ವಿಷಯ. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡ್ ಇದ್ದಂಗೆ. ಮುರು ಮೀನು ಕಚ್ಚಿದ ತಕ್ಷಣ ಕಲ್ಲಿನ ಸಂದಿಗೆ ನುಗ್ಗುತ್ತದೆ, ಒಂದು ಸಲ ಉಜ್ಜಿದರೆ ಮುಗೀತು, ದಾರ ಪಟ್ ಅಂತ ತುಂಡಾಗುತ್ತದೆ. ನನಗೆ ಹಾಗೇ ಆಯಿತು, ಗಾಳ, ಸೀಸದ ಗುಂಡು ಎಲ್ಲ ಸಮುದ್ರದ ಪಾಲು. ಆಮೇಲೆ 30 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರ) ಸುತ್ತಿಸಿ, ತುದಿಗೆ ಎರಡು ಮಾರು ಉದ್ದಕ್ಕೆ, ಉಜ್ಜಿದರೂ ಬೇಗ ಹರಿಯದ ದಪ್ಪನೆಯ ಫ್ಲೋರೋಕಾರ್ಬನ್ ದಾರ ಕಟ್ಟಿದೆ. ಬ್ರೇಡ್ ಎಳೆತಕ್ಕೆ ಗಟ್ಟಿ, ಆದರೆ ಕಲ್ಲಿಗೆ ಉಜ್ಜಿದರೆ ತಡೆಯೋದಿಲ್ಲ, ಆದ್ದರಿಂದ ತುದಿಗೆ ಬೇರೆ ದಾರ ಬೇಕೇ ಬೇಕು. ಇದನ್ನು ಮಾರುವವರೇ ಮೊದಲು ಹೇಳಬೇಕಿತ್ತು ಅಲ್ವಾ? ಪೆಟ್ಟಿಗೆ ಮೇಲೆ ಸಮುದ್ರಕ್ಕೂ ಸೈ ಅಂತ ದೊಡ್ಡದಾಗಿ ಅಚ್ಚು ಹಾಕಿ ಇಂಥ ದಾರ ಕೊಡುವುದು ತಪ್ಪು.

4000 ಸೈಜಿನ (ಮಧ್ಯಮ ಗಾತ್ರದ) ರೀಲ್ ನುಣ್ಣಗೆ ತಿರುಗುತ್ತದೆ. ಉಪ್ಪು ನೀರು ಮಾತ್ರ ಅದಕ್ಕೆ ಶತ್ರು. ಮನೆಗೆ ಬಂದ ಮೇಲೆ ತೊಳೆಯೋಣ ಅಂತ ಬಿಡಬೇಡಿ, ರೂಮಿನಲ್ಲೇ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಚ್ಚುವುದನ್ನು ತಡೆಯುವ ಬ್ರೇಕ್) ಬಿಗಿ ಮಾಡಿ, ಸಣ್ಣಗೆ ಸಿಹಿನೀರು ಹರಿಸಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಡ್ರ್ಯಾಗ್ ಸಡಿಲಿಸಿ ಒಣಗಲು ಬಿಡಿ. ಜೋರಾಗಿ ಪೈಪ್ ಹಿಡಿದರೆ ಉಪ್ಪು ಒಳಗೇ ಹೋಗುತ್ತದೆ. ಇಷ್ಟು ಮಾಡಿಯೂ ನನ್ನ ರೀಲಿನ ಹಿಡಿಕೆ ಸ್ಕ್ರೂಗೆ ತುಕ್ಕು ಹತ್ತಿದೆ. ಅಂಗಡಿಯವರು ಸ್ಕ್ರೂ ಸಿಗೋದಿಲ್ಲ, ಪೂರ್ತಿ ರೀಲ್ ತಗೊಳ್ಳಿ ಅಂದರು. ಅದು ಸರಿ ಕಾಣಲಿಲ್ಲ.

ಇನ್ನೊಂದು ಮಾತು. ಮಳೆಗಾಲದಲ್ಲಿ ಇದನ್ನು ಹಿಡಿದು ಬಂಡೆ ಹತ್ತಬೇಡಿ. ಪಾಚಿ ಜಾರುತ್ತೆ, ಅಲೆ ಹೇಳಿ ಬರೋದಿಲ್ಲ. ಉಳಿದ ದಿನಗಳಲ್ಲೂ ಉಬ್ಬರದ ಹೊತ್ತು ನೋಡಿಕೊಂಡೇ ಇಳಿಯಿರಿ, ವಾಪಸ್ ಬರುವ ದಾರಿ ನೀರಿನಡಿ ಹೋಗಬಾರದು.

ರಾಡಿಗೆ ಐದಕ್ಕೆ ನಾಲ್ಕು, ರೀಲಿಗೆ ಮೂರು. ತಂಗೂಸಿಗೆ ಒಂದೂ ಕೊಡೋದಿಲ್ಲ. ರಾಡ್ ಬಿಡಿಯಾಗಿ ಸಿಕ್ಕರೆ ಅದನ್ನಷ್ಟೇ ತಗೊಳ್ಳಿ, ಉಳಿದ ದುಡ್ಡನ್ನು ಒಳ್ಳೆ ದಾರಕ್ಕೆ ಹಾಕಿ.