ಐದು ಮನೆ ಶ್ರುತಿ: ನಮ್ಮ ಕಾಲೇಜಿನ ಹೊಸಬರ ಗಾಯನ ತರಗತಿ

ಶಾಲೆಯ ಪ್ರಾರ್ಥನೆಯಲ್ಲಿ ನಾನು ಬರೀ ತುಟಿ ಆಡಿಸುತ್ತಿದ್ದವಳು. ಈ ವರ್ಷ ಮೈಸೂರಿನ ನಮ್ಮ ಕಾಲೇಜಿನಲ್ಲಿ ಹೊಸಬರ ಕರ್ನಾಟಕ ಸಂಗೀತ ಗಾಯನ ತರಗತಿಗೆ ಸೇರಿದೆ. ಒಂದು ಸೆಮಿಸ್ಟರ್ ಮುಗಿಯಿತು.

ಮೊದಲ ವಾರ ಪೂರ್ತಿ 'ಸ' ಒಂದೇ. ಮೇಡಂ ಆಧಾರ ಸ್ವರವನ್ನು ಎಡೆಬಿಡದೆ ನುಡಿಸುವ ಶ್ರುತಿ ಪೆಟ್ಟಿಗೆ ಹಾಕಿ, ನನ್ನದು ಐದು ಮನೆ ಶ್ರುತಿ, ಅಂದರೆ ನನ್ನ 'ಸ' ಹಾರ್ಮೋನಿಯಂನ ಐದನೇ ಬಿಳಿ ಮನೆಯ ಎತ್ತರದ್ದು ಎಂದು ಗುರುತಿಸಿದರು. ಅಲ್ಲಿಯವರೆಗೆ ಯಾರದೋ ಎತ್ತರಕ್ಕೆ ಸುಮ್ನೆ ಗಂಟಲು ಎಳೆಯುತ್ತಿದ್ದೆ. "ಹೊಟ್ಟೆ ತುಂಬ ಉಸಿರು ತಗೊಳ್ಳಮ್ಮ, ಭುಜ ಏಳಬಾರದು" ಎಂದು ನನ್ನ ಅಂಗೈಯನ್ನೇ ಹೊಟ್ಟೆಯ ಮೇಲೆ ಇಡಿಸಿದರು. ಒಂದು ದಿನ ನನ್ನ 'ಸ' ಶ್ರುತಿಯೊಳಗೆ ಕರಗಿಹೋಯಿತು. ಯಾವುದು ಪೆಟ್ಟಿಗೆ, ಯಾವುದು ನಾನು ಗೊತ್ತಾಗಲಿಲ್ಲ. ಎದೆ ಜುಂ ಎಂದಿತು. ಆ ಕ್ಷಣಕ್ಕೇ ಫೀಸು ಸಾರ್ಥಕ.

ಆಮೇಲೆ ಸರಳೆ ವರಸೆ ಎಂಬ ಮೊದಲ ಸ್ವರಾಭ್ಯಾಸ, ಪುರಂದರದಾಸರು ಹಾಕಿಕೊಟ್ಟರು ಎನ್ನುವ ಪಾಠ. ರಾಗ ಮಾಯಾಮಾಳವಗೌಳ, 72 ಮೇಳಗಳಲ್ಲಿ, ಅಂದರೆ ಮೂಲ ರಾಗಗಳಲ್ಲಿ, 15ನೆಯದು. ಇದೇ ಯಾಕೆ ಎಂದು ಕೇಳಿದೆ. ಸ-ರಿ-ಗ-ಮ ನಡುವಿನ ಅಂತರಗಳೇ ಪ-ದ-ನಿ-ಸ ನಡುವೆಯೂ ಇವೆ, ಒಂದು ಅರ್ಧ ಕಲಿತರೆ ಇನ್ನೊಂದು ಅರ್ಧ ಸಲೀಸು ಎಂದರು. ಹಾಡಿ ನೋಡಿದರೆ ನಿಜ ಅಲ್ವಾ!

ಕೊರತೆಯೂ ಇದೆ. ನಲವತ್ತು ಜನ ಜಾಸ್ತಿಯಾಯಿತು, ಒಬ್ಬೊಬ್ಬರಿಗೆ ಒಂದು ನಿಮಿಷವೂ ಸಿಗುವುದಿಲ್ಲ. ಕೋಣೆ ರಸ್ತೆ ಪಕ್ಕದಲ್ಲಿದೆ, ಹಾರ್ನ್ ಹೊಡೆದರೆ ಶ್ರುತಿಯೇ ಕೇಳಿಸದು. ಒಳಗಿನ ಕೋಣೆ ಕೊಡಲೇಬೇಕು.

ಮುಂದಿನ ಸೆಮಿಸ್ಟರ್‌ಗೂ ಹೆಸರು ಕೊಟ್ಟಿದ್ದೇನೆ. ಈಗ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜಂಟಿ ವರಸೆ, ಅಂದರೆ ಸ್ವರಗಳನ್ನು ಜೋಡಿಯಾಗಿ ಹಾಡುವ ಅಭ್ಯಾಸ, ನಡೆಯುತ್ತಿದೆ.