ಗುಂಡಿ ಶೌಚಾಲಯದ ಅಳತೆಗೊಂದು ಲೆಕ್ಕದ ಹಾಳೆ: ಬಳಸಿ ನೋಡಿದ ಮೇಲೆ

ಬಿಸಿ ಹವಾಮಾನದ ಪ್ರದೇಶಗಳಲ್ಲಿ ಗುಂಡಿ ಶೌಚಾಲಯದ ಆಳ, ಅಗಲ ನಿರ್ಧರಿಸಲು ರೂಪಿಸಿದ ಉಚಿತ ಸ್ಪ್ರೆಡ್‌ಶೀಟೊಂದನ್ನು ಕೆಲವು ವಾರಗಳಿಂದ ಬಳಸುತ್ತಿದ್ದೇನೆ. ಹಳೆಯ ಕೈಪಿಡಿಗಳ ಸೂತ್ರ ಸರಳವಾದುದು: ಬಳಸುವವರ ಸಂಖ್ಯೆ, ತಲೆಗೆ ವರ್ಷಕ್ಕೆ ಶೇಖರವಾಗುವ ಹೂಳು, ಗುಂಡಿ ಬಾಳಬೇಕಾದ ವರ್ಷಗಳು, ಇವನ್ನು ಗುಣಿಸಿ ಮೇಲೆ ಅರ್ಧ ಮೀಟರ್ ಖಾಲಿ ಬಿಡಬೇಕು. 6 ಜನ, 60 ಲೀಟರ್, 10 ವರ್ಷ ಎಂದರೆ 3.6 ಘನ ಮೀಟರ್, ವ್ಯಾಸ 1.2 ಮೀಟರ್ ಇದ್ದರೆ ಆಳ ಸುಮಾರು 3.7 ಮೀಟರ್. ಆದರೆ ಆ 60 ಲೀಟರ್ ಹೇಗೆ ಬಂತೆಂಬುದು ಸೂತ್ರದಲ್ಲಿ ಕಾಣುವುದಿಲ್ಲ. ಅದನ್ನು ಬಿಡಿಸಿ ತೋರಿಸುವುದೇ ಈ ಹಾಳೆಯ ಹೆಚ್ಚುಗಾರಿಕೆ.

ಗುಂಡಿಗೆ ಬಿದ್ದುದನ್ನು ಅದು ಕೊಳೆಯುವ ಭಾಗ, ಕೊಳೆಯದ ಭಾಗ ಎಂದು ಎರಡಾಗಿ ವಿಂಗಡಿಸುತ್ತದೆ. ಮೊದಲನೆಯದು ಉಳಿದಿರುವ ಪ್ರಮಾಣಕ್ಕೆ ತಕ್ಕಂತೆ ಕರಗುವುದರಿಂದ ಕೆಲವೇ ವರ್ಷಗಳಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ; ಎರಡನೆಯದು ಮಾತ್ರ ವರ್ಷವರ್ಷವೂ ಏರುತ್ತಲೇ ಹೋಗುತ್ತದೆ. ಪರೀಕ್ಷೆಗಾಗಿ ತಲೆಗೆ ವರ್ಷಕ್ಕೆ ಕೊಳೆಯುವ 70 ಲೀಟರ್, ಕೊಳೆಯದ 25 ಲೀಟರ್ ಎಂದು ಕೊಟ್ಟೆ. ಕೊಳೆಯುವ ವೇಗ ವರ್ಷಕ್ಕೆ 1 (ಅಂದರೆ ಉಳಿದದ್ದು ಸುಮಾರು ಎಂಟು ತಿಂಗಳಿಗೆ ಅರ್ಧವಾಗುವಷ್ಟು) ಎಂದಾಗ ಹತ್ತು ವರ್ಷದ ಕೊನೆಗೆ ತಲೆಗೆ 320 ಲೀಟರ್. ವೇಗವನ್ನು ದುಪ್ಪಟ್ಟು ಮಾಡಿದರೂ 285 ಲೀಟರ್ ಅಷ್ಟೇ. ಅದೇ ಗುಂಡಿಗೆ ತಲೆಗೆ ವರ್ಷಕ್ಕೆ 15 ಲೀಟರ್ ಪ್ಲಾಸ್ಟಿಕ್, ಬಟ್ಟೆಯಂಥ ಕಸ ಬಿದ್ದರೆ ಹತ್ತು ವರ್ಷದಲ್ಲಿ 150 ಲೀಟರ್ ಹೆಚ್ಚುತ್ತದೆ. ಸೆಕೆಯ ನಾಡಿನಲ್ಲಿ ಎಲ್ಲವೂ ಬೇಗ ಕರಗಿಹೋಗುತ್ತದೆಂದು ನಂಬಿ ಸಣ್ಣ ಗುಂಡಿ ತೋಡುವವರು ಈ ಒಂದು ಲೆಕ್ಕವನ್ನಾದರೂ ನೋಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ.

ತಕರಾರೂ ಇದೆ. ಉಷ್ಣಾಂಶದ ಅಂಕಣದಲ್ಲಿ ಹಾಳೆ ಕೇಳುವುದು ಹಗಲಿನ ಗರಿಷ್ಠ ಗಾಳಿಯ ಉಷ್ಣಾಂಶವನ್ನು. ಮಧ್ಯಾಹ್ನದ ಬಿಸಿಲು ಎರಡು ಮೀಟರ್ ಆಳಕ್ಕೆ ಇಳಿಯುವುದಿಲ್ಲ. ಅಲ್ಲಿನ ಮಣ್ಣು ವರ್ಷದ ಸರಾಸರಿಯ ಆಸುಪಾಸಿನಲ್ಲೇ ಇರುತ್ತದೆ. ಹತ್ತು ಡಿಗ್ರಿಗೆ ವೇಗ ದುಪ್ಪಟ್ಟಾಗುತ್ತದೆಂದು ಹಾಳೆ ಎಣಿಸುವುದರಿಂದ ಈ ತಪ್ಪು ಚಿಕ್ಕದಲ್ಲ. ತೇವಕ್ಕಂತೂ ಅಂಕಣವೇ ಇಲ್ಲ, ಒಣ ಪ್ರದೇಶದಲ್ಲಿ ನೀರು ಇಂಗಿ ಹೂಳು ಗಟ್ಟಿಯಾದರೆ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತದೆ ಎಂಬುದು ಗೊತ್ತಿದ್ದರೂ.

ಹೀಗಾಗಿ ನಾನು ವಾರ್ಷಿಕ ಸರಾಸರಿ ಉಷ್ಣಾಂಶವನ್ನೇ ತುಂಬಿ, ಕಸದ ಪಾಲನ್ನು ಧಾರಾಳವಾಗಿ ಕೊಟ್ಟು, ಬಂದ ಉತ್ತರವನ್ನು ಹಳೆಯ ಸೂತ್ರದ ಪಕ್ಕದಲ್ಲಿಟ್ಟು ದೊಡ್ಡದನ್ನು ಆರಿಸುತ್ತೇನೆ. ಅಂತರ್ಜಲ ಮೇಲಿರುವ ಕಡೆ ಆ ಆಳಕ್ಕೆ ಇಳಿಯದೆ ಅಗಲವನ್ನು ಹೆಚ್ಚಿಸಬೇಕಾಗುತ್ತದೆ. ಆ ಲೆಕ್ಕವನ್ನು ಹಾಳೆ ಮಾಡಿಕೊಡುವುದಿಲ್ಲ, ಕೈಯಿಂದಲೇ ಮಾಡಿಕೊಳ್ಳಬೇಕು.