ಸರ್ವರ್ ಏಳುವಾಗ ಓಡಬೇಕಾದ ಜಾವಾ ಕೋಡ್: ಯಾವ ದಾರಿ ಎಲ್ಲೆಡೆ ನಡೆಯುತ್ತದೆ?

ದರಪಟ್ಟಿ ಡೇಟಾಬೇಸಿನಿಂದ ಮೆಮೊರಿಗೆ ಬಂದ ಮೇಲಷ್ಟೇ ಅಪ್ಲಿಕೇಶನ್ ಮೊದಲ ವಿನಂತಿಗೆ ಉತ್ತರ ಕೊಡಬೇಕು. ಒಂದೇ ವಾರ್ ಕಡತ (ಇಡೀ ವೆಬ್ ಅಪ್ಲಿಕೇಶನ್ನನ್ನು ಕಟ್ಟಿಟ್ಟ ಪೊಟ್ಟಣ) ಟಾಮ್‌ಕ್ಯಾಟ್, ವೈಲ್ಡ್‌ಫ್ಲೈ, ಗ್ಲಾಸ್‌ಫಿಶ್ ಎಂಬ ಮೂರು ಜಾವಾ ಸರ್ವರ್‌ಗಳಲ್ಲೂ ಓಡಬೇಕು. ಈ ಎರಡು ಷರತ್ತುಗಳನ್ನು ಮುಂದಿಟ್ಟುಕೊಂಡು ಒಂದೊಂದೇ ದಾರಿಯನ್ನು ಪರೀಕ್ಷಿಸಿದೆ. ವೆಬ್‌ಲಾಜಿಕ್, ವೆಬ್‌ಸ್ಫಿಯರ್‌ಗಳು ಕೊಡುವ ಸ್ವಂತ ಸೌಲಭ್ಯಗಳನ್ನು ಮೊದಲೇ ಕೈಬಿಟ್ಟೆ; ಅವನ್ನು ನಂಬಿದರೆ ಕೋಡ್ ಆ ಸರ್ವರ್ ಬಿಟ್ಟು ಕದಲುವುದಿಲ್ಲ.

ಸರ್ವ್‌ಲೆಟ್‌ಗೆ (ವೆಬ್ ವಿನಂತಿಗೆ ಉತ್ತರಿಸುವ ಜಾವಾ ಕ್ಲಾಸ್) ಅದನ್ನು ಸರ್ವರ್ ಏಳುವಾಗಲೇ ಲೋಡ್ ಮಾಡಿಸುವ ಲೋಡ್-ಆನ್-ಸ್ಟಾರ್ಟಪ್ ಅಂಕಿ ಕೊಟ್ಟು, ಅದು ಸಿದ್ಧವಾಗುವಾಗ ಓಡುವ ಇನಿಟ್ ವಿಧಾನದಲ್ಲಿ ಕೆಲಸ ಮಾಡಿಸುವುದು ಹಳೆಯ ರೂಢಿ. ಇದು ಎಲ್ಲೆಡೆ ಓಡುತ್ತದೆ, ಆದರೂ ನನಗೆ ಒಪ್ಪಿಗೆಯಿಲ್ಲ. ಇನಿಟ್ ವಿಫಲವಾದರೂ ಟಾಮ್‌ಕ್ಯಾಟ್ ತನ್ನ ಮೂಲ ಹೊಂದಿಕೆಯಲ್ಲಿ ಅಪ್ಲಿಕೇಶನ್ನನ್ನು ನಿಲ್ಲಿಸುವುದಿಲ್ಲ. ದರಪಟ್ಟಿಯೇ ಇಲ್ಲದ ಅಪ್ಲಿಕೇಶನ್ ಗ್ರಾಹಕರಿಗೆ ತೆರೆದುಕೊಂಡಿರುತ್ತದೆ! ಇದಕ್ಕಿಂತ ಅಪಾಯ ಬೇರೆ ಬೇಕೇ?

ಅಪ್ಲಿಕೇಶನ್ ಏಳುವಾಗ ಸರ್ವರ್ ತಾನೇ ಕರೆಯುವ ಸರ್ವ್‌ಲೆಟ್‌ಕಾಂಟೆಕ್ಸ್ಟ್‌ಲಿಸನರ್ ಇಲ್ಲಿಯೇ ಗೆಲ್ಲುತ್ತದೆ. ಸರ್ವ್‌ಲೆಟ್ 2.3ರಿಂದಲೂ ಇರುವ ಇದು ಎಲ್ಲ ಫಿಲ್ಟರ್, ಸರ್ವ್‌ಲೆಟ್‌ಗಳಿಗಿಂತ ಮುಂಚೆ ಓಡಬೇಕೆಂದು ನಿರ್ದಿಷ್ಟತೆಯೇ ಹೇಳುತ್ತದೆ. ಇದರಲ್ಲಿ ದೋಷ ಎಸೆದರೆ ಟಾಮ್‌ಕ್ಯಾಟ್ ಅಪ್ಲಿಕೇಶನ್ನನ್ನು ಏಳಗೊಡುವುದೇ ಇಲ್ಲ. ನನಗೆ ಬೇಕಾದದ್ದು ಅದೇ. ಲಿಸನರ್‌ಗಳು ಒಂದಕ್ಕಿಂತ ಹೆಚ್ಚಿದ್ದರೆ ಅವನ್ನು ವೆಬ್.ಎಕ್ಸ್‌ಎಂಎಲ್ ಎಂಬ ಹೊಂದಿಕೆ ಕಡತದಲ್ಲಿಯೇ ಬರೆಯಿರಿ: ಅಲ್ಲಿ ಬರೆದ ಕ್ರಮದಲ್ಲಿ ಅವು ಓಡುತ್ತವೆ. ಅನೊಟೇಶನ್‌ನಿಂದ (ಕೋಡಿನಲ್ಲೇ ಹಚ್ಚುವ ಗುರುತು) ಗುರುತಿಸಿದವುಗಳಿಗೆ ಅಂಥ ಕ್ರಮವಿಲ್ಲ.

2009ರ ಜಾವಾ ಇಇ 6 (ಸರ್ವರ್ ಜಾವಾದ ಮಾನದಂಡ) ತಂದ ಸಿಂಗಲ್‌ಟನ್ ಇಜೆಬಿ (ಸರ್ವರ್ ಒಂದೇ ಪ್ರತಿ ಇಟ್ಟು ನಿರ್ವಹಿಸುವ ಕ್ಲಾಸ್), ಸ್ಟಾರ್ಟಪ್ ಅನೊಟೇಶನ್ನಿನೊಂದಿಗೆ, ಬರೆಯಲು ಎಲ್ಲಕ್ಕಿಂತ ಚೊಕ್ಕ. ಡೇಟಾಬೇಸ್ ವಹಿವಾಟು (ಟ್ರಾನ್ಸಾಕ್ಷನ್) ನಿರ್ವಹಣೆ ತಾನಾಗಿ ಸಿಗುತ್ತದೆ. ಯಾವುದರ ನಂತರ ಯಾವುದು ಏಳಬೇಕೆಂದು ಹೇಳಲೂ ಬರುತ್ತದೆ. ವೈಲ್ಡ್‌ಫ್ಲೈ, ಗ್ಲಾಸ್‌ಫಿಶ್‌ಗಳಲ್ಲಿ ಸಲೀಸಾಗಿ ಓಡಿತು. ಬರೀ ಟಾಮ್‌ಕ್ಯಾಟ್‌ನಲ್ಲಿ ಇಜೆಬಿ ಕಂಟೇನರ್ ಇಲ್ಲ, ಹಾಗಾಗಿ ಆ ಕ್ಲಾಸಿನತ್ತ ಅದು ನೋಡುವುದೂ ಇಲ್ಲ, ದೂರುವುದೂ ಇಲ್ಲ. ಇಜೆಬಿ ಕಂಟೇನರನ್ನು ಸೇರಿಸಿಕೊಂಡ ಟಾಮ್‌ಕ್ಯಾಟ್, ಅಂದರೆ ಟಾಮ್‌ಇಇ, ಆದರೆ ಸರಿ. ಹೆಸರು ಸಿಂಗಲ್‌ಟನ್ ಆದರೂ ಕ್ಲಸ್ಟರ್‌ನಲ್ಲಿ (ಒಟ್ಟಾಗಿ ದುಡಿಯುವ ಸರ್ವರ್‌ಗಳ ಗುಂಪು) ಪ್ರತಿ ಜೆವಿಎಮ್‌ನಲ್ಲೂ (ಜಾವಾ ಓಡಿಸುವ ಪ್ರಕ್ರಿಯೆ) ಒಂದೊಂದು ಎದ್ದೇಳುತ್ತದೆ; ಟೇಬಲ್ಲಿಗೆ ಸಾಲು ಸೇರಿಸುವ ಕೆಲಸವನ್ನು ಅದಕ್ಕೆ ವಹಿಸುವ ಮುನ್ನ ಇದನ್ನು ಗಮನಿಸಿ. ಲಿಸನರ್‌ಗೂ ಈ ಮಾತು ಅನ್ವಯಿಸುತ್ತದೆ.

ಕೊನೆಗೆ ನಾನು ಉಳಿಸಿಕೊಂಡದ್ದು ಲಿಸನರ್. ದರಪಟ್ಟಿ ಓದುವ ಕೆಲಸವೆಲ್ಲ ಯಾವ ಸರ್ವರ್ ಹೆಸರೂ ತಿಳಿಯದ ಸಾದಾ ಕ್ಲಾಸಿನಲ್ಲಿದೆ. ಲಿಸನರ್ ಅದನ್ನು ಕರೆಯುತ್ತದೆ, ಅಷ್ಟೇ. ಟಾಮ್‌ಕ್ಯಾಟ್ 10ರಿಂದ ಸರ್ವ್‌ಲೆಟ್‌ನ ಜಾವಾಎಕ್ಸ್ ಪ್ಯಾಕೇಜುಗಳ ಹೆಸರು ಜಕಾರ್ತಾ ಎಂದಾಗಿರುವುದರಿಂದ ಹಳೆಯ ಮತ್ತು ಹೊಸ ಸರ್ವರ್‌ಗಳಿಗೆ ಒಂದೇ ವಾರ್ ಹೊಂದುವುದಿಲ್ಲ. ಆದರೆ ಈ ಜೋಡಣೆಯಲ್ಲಿ, ಏಳುವಾಗಿನ ಕೋಡಿನ ಮಟ್ಟಿಗೆ, ಅದಕ್ಕಾಗಿ ತಿದ್ದಬೇಕಾದದ್ದು ಲಿಸನರಿನ ಇಂಪೋರ್ಟ್ ಸಾಲುಗಳು ಮಾತ್ರ.